ಹೊನ್ನಾವರದಲ್ಲಿ ಉಂಡ ಇಬ್ನು ಬತೂತ

ಓದಿಗೋ ಉದ್ಯೋಗಕ್ಕೋ ಮನೆ ಬಿಟ್ಟು ಪರವೂರಿಗೆ ಹೋದವರು ನಿಮ್ಮಲ್ಲೂ ಇರಬಹುದು. ಅಲ್ಲಿನ ಅನ್ನ ರುಚಿಸದೆ, ಉಡುಪು ಹಿಡಿಸದೆ ಬೇಸರಪಟ್ಟಿದ್ದೀರಾ? ಹಾಗಾದರೆ ಜಗತ್ಪ್ರಸಿದ್ಧ ಪ್ರವಾಸಿ ಇಬ್ನು ಬತೂತರ ಬದುಕನ್ನೊಮ್ಮೆ ನೋಡಿ.

1304ರಲ್ಲಿ ಮೊರೊಕ್ಕೊದ ತಾಂಜೀರ್ ಪಟ್ಟಣದಲ್ಲಿ, ನ್ಯಾಯಶಾಸ್ತ್ರ ಬಲ್ಲವರ ಮನೆತನದಲ್ಲಿ ಜನಿಸಿದ ಅವರು, 1325ರಲ್ಲಿ ಹಜ್ಜ್‌ಗೆಂದು ಒಬ್ಬರೇ ಹೊರಟರು. ಆಗ ವಯಸ್ಸು ಇಪ್ಪತ್ತೊಂದು. ಹೊರಟ ಕಾಲು ಬೇಗ ನಿಲ್ಲಲಿಲ್ಲ. ದೆಹಲಿಗೆ ಬಂದು ಮುಹಮ್ಮದ್ ಬಿನ್ ತುಘಲಕನ ಖಾಝಿಯಾದರು. ಚೀನಾಕ್ಕೆ ಅವನ ರಾಯಭಾರಿಯಾಗಿ ಹೊರಟು, ದಾರಿಯಲ್ಲಿ ನಮ್ಮ ಹೊನ್ನಾವರಕ್ಕೂ ಬಂದರು.

ಅಲ್ಲಿನ ಸುಲ್ತಾನ ಜಮಾಲುದ್ದೀನರ ಮನೆಯ ಊಟವನ್ನು ಅವರು ಬಿಡಿಬಿಡಿಯಾಗಿ ವರ್ಣಿಸಿದ್ದಾರೆ. ಅನ್ನ, ಅದರ ಮೇಲೆ ತುಪ್ಪ, ಬದಿಗೆ ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಬಳಿಕ ಕೋಳಿ, ಮೀನು, ತರಕಾರಿ, ಕೊನೆಯಲ್ಲಿ ಮೊಸರು. ನಿಮಗೆ ಪರಿಚಿತ ಊಟವೇ ಅಲ್ಲವೇ? ರೊಟ್ಟಿ ತಿಂದು ಬೆಳೆದ ಅವರಿಗೆ ಇದು ಸುಲಭವಾಗಿರಲಿಲ್ಲ. ವರ್ಷಗಟ್ಟಲೆ ಅನ್ನವನ್ನೇ ಉಂಡು, ಕೊನೆಗೆ ನೀರು ಕುಡಿದು ನುಂಗಬೇಕಾಯಿತೆಂದು ಒಪ್ಪಿಕೊಂಡಿದ್ದಾರೆ. ಆದರೂ ಬಡಿಸಿದ್ದನ್ನು ಉಂಡರು, ಊರನ್ನು ಕಣ್ತೆರೆದು ನೋಡಿದರು. ಅಲ್ಲಿನ ಸ್ತ್ರೀಯರು ಹೊಲಿಯದ ಬಟ್ಟೆಯನ್ನೇ ಸುತ್ತಿಕೊಳ್ಳುವುದನ್ನು ಕಂಡರು. ಅವರೆಲ್ಲ ಕುರ್‌ಆನ್ ಕಂಠಪಾಠ ಮಾಡಿದ್ದನ್ನೂ ಕಂಡರು. ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದರು. ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಸೇರಿಸಿದರು. ಬಟ್ಟೆಯನ್ನಷ್ಟೇ ನೋಡಿ ಮುಖ ತಿರುಗಿಸಿದ್ದರೆ ಆ ಶಾಲೆಗಳ ಸುದ್ದಿ ನಮಗೆ ತಲುಪುತ್ತಿತ್ತೇ?

ಆದರೆ ಎಲ್ಲೆಡೆಯೂ ಅವರು ಹೀಗಿರಲಿಲ್ಲ. ಮುಂದೆ ಮಾಲ್ದೀವ್‌ನಲ್ಲಿ ಖಾಝಿಯಾದರು. ಅಲ್ಲಿನವರೂ ಮುಸ್ಲಿಮರೇ, ಭಕ್ತಿವಂತರೇ. ಆದರೆ ಸ್ತ್ರೀಯರು ಸೊಂಟದ ಮೇಲೆ ಬಟ್ಟೆ ಹೊದೆಯುವ ರೂಢಿ ಇರಲಿಲ್ಲ. ಅಧಿಕಾರ ಬಳಸಿ ಅದನ್ನು ಬದಲಿಸಲು ಹೊರಟರು. ತಮ್ಮ ನ್ಯಾಯಾಲಯದೊಳಗೆ ಮಾತ್ರ ಅವರ ಆಜ್ಞೆ ನಡೆಯಿತು, ಹೊರಗೆ ನಡೆಯಲಿಲ್ಲ. ಅಲ್ಲಿನ ವಝೀರನೊಂದಿಗೂ ವಿರಸ ಬೆಳೆದು, 1344ರಲ್ಲಿ ದ್ವೀಪವನ್ನೇ ಬಿಟ್ಟರು. ಧರ್ಮ ಒಂದೇ ಆದರೂ ರೂಢಿ ಬೇರೆ ಇರಬಹುದೆಂಬ ಪಾಠ ಅವರಿಗೂ ಕಠಿಣವಾಗಿಯೇ ದೊರೆಯಿತು.

1352ರಲ್ಲಿ ಸಹಾರಾ ದಾಟಿ ಮಾಲಿ ರಾಜ್ಯಕ್ಕೆ ಹೋದಾಗಲೂ ಎಡವಿದರು. ದೊರೆಯಿಂದ ಉಡುಗೊರೆ ಬಂದಿದೆಯೆಂದು ಕೇಳಿ ಆಸೆಯಿಂದ ಎದ್ದರು. ನೋಡಿದರೆ ಮೂರು ರೊಟ್ಟಿ, ಒಂದು ತುಂಡು ಮಾಂಸ, ಒಂದು ಬುರುಡೆ ಮೊಸರು! ನಕ್ಕು ಹಗುರ ಮಾಡಿದರು. ಆದರೆ ಆಮೇಲೆ ತಿಂಗಳುಗಟ್ಟಲೆ ಅಲ್ಲಿದ್ದು, ಅನ್ಯಾಯ ಸಹಿಸದ ಜನರನ್ನೂ ಕಳ್ಳರ ಭಯವಿಲ್ಲದ ದಾರಿಗಳನ್ನೂ ಕಂಡರು. ಪರದೇಶಿ ಸತ್ತರೆ ಆತನ ಸೊತ್ತನ್ನು ಮುಟ್ಟದೆ ವಾರಸುದಾರರಿಗೆ ಕಾದಿಡುವ ಪದ್ಧತಿಯನ್ನೂ ಕಂಡರು. ಒಪ್ಪದ್ದನ್ನು ಒಪ್ಪಲಿಲ್ಲ, ಆದರೆ ಒಳ್ಳೆಯದನ್ನು ಮುಚ್ಚಿಡದೆ ಹೇಳಿದರು.

1355ರಲ್ಲಿ, ಮೊರೊಕ್ಕೊ ಸುಲ್ತಾನನ ಆಜ್ಞೆಯಂತೆ, ಅವರು ಹೇಳಿದ ಅನುಭವಗಳನ್ನು ಇಬ್ನು ಜುಝೈ ಎಂಬ ವಿದ್ವಾಂಸರು ಬರೆದು ಮುಗಿಸಿದರು. ತಾವು ಸೋತದ್ದನ್ನೂ ಅವರು ಅದರಲ್ಲಿ ಬಚ್ಚಿಡಲಿಲ್ಲ.

ಓದುಗರೇ, ನಾಳೆ ನೀವೂ ಹೊಸ ಊರಿಗೆ ಹೋಗುವಿರಿ. ನಿಮ್ಮತನವನ್ನು ಬಿಡಬೇಕಿಲ್ಲ. ತೀರ್ಪು ನೀಡುವ ಮೊದಲು ಅಲ್ಲಿನ ಜನರ ಜೊತೆ ಕುಳಿತು ಒಮ್ಮೆ ಊಟ ಮಾಡಿ.