ಶರಣೆ ಮಹಾದೇವಿಯಕ್ಕ

ದೇಹವು ತೋರುವ ಗುರುತು ಒಂದು, ಅಂತರಂಗವು ಬಲ್ಲ ನಿಜವು ಬೇರೊಂದು ಆದಾಗ ಮನುಷ್ಯನು ಯಾವುದನ್ನು ನಂಬಿ ನಡೆಯಬೇಕೆಂಬ ಪ್ರಶ್ನೆಯನ್ನು 12ನೆಯ ಶತಮಾನದಲ್ಲಿಯೇ ತನ್ನ ಬಾಳಿನಿಂದ ಎದುರಿಸಿದ ಮಹಾಮಹಿಮಳು ಮಹಾದೇವಿಯಕ್ಕನು.

ಅವಳ ಜನ್ಮಸ್ಥಳವಾದ ಉಡುತಡಿಯು ಬಳ್ಳಿಗಾವೆಯ ಸಮೀಪದಲ್ಲಿ, ಇಂದಿನ ಶಿಕಾರಿಪುರ ತಾಲೂಕಿನಲ್ಲಿರುವದು. ಅದು ಹಿರೇಕೆರೂರು ಸೀಮೆಗೆ ನೆರೆಯ ನಾಡಾದುದರಿಂದ ಹಾನಗಲ್ಲು, ಹತ್ತಿಮತ್ತೂರುಗಳ ಭಕ್ತರಿಗೆ ಅಕ್ಕನು ದೂರದವಳಲ್ಲ. ಬಾಲ್ಯದಲ್ಲಿಯೇ ಅವಳು ಚೆನ್ನಮಲ್ಲಿಕಾರ್ಜುನನಿಗೆ ತನ್ನನ್ನು ಒಪ್ಪಿಸಿಕೊಂಡಳು. ಅವಳ ರೂಪಕ್ಕೆ ಮರುಳಾದ ಕೌಶಿಕರಾಜನು ಅವಳನ್ನು ಬೇಡಿದನು. ಹರಿಹರನ ರಗಳೆಯಂತೆ ಅವಳು ಕಟ್ಟಳೆಗಳನ್ನು ವಿಧಿಸಿ ಅವನ ಕೈಹಿಡಿದು, ಅವನು ಮಾತಿಗೆ ತಪ್ಪಲು ಅರಮನೆಯನ್ನು ತೊರೆದಳು. ಚಾಮರಸನ ಪ್ರಭುಲಿಂಗಲೀಲೆಯಂತೆ ವಿವಾಹವೇ ನಡೆಯಲಿಲ್ಲ. ಕಥೆ ಎರಡಾದರೂ ತಿರುಳು ಒಂದೇ. ಅರಸನು ಕಂಡದ್ದು ಹೆಣ್ಣಿನ ಒಡಲನ್ನು; ಆ ಒಡಲೇ ತಾನೆಂಬುದನ್ನು ಅವಳು ಒಪ್ಪಲಿಲ್ಲ. ಉಟ್ಟುದನ್ನೂ ತ್ಯಜಿಸಿ, ಕೇಶವನ್ನೇ ಹೊದ್ದು ಹೊರಟಳು.

ಕಲ್ಯಾಣದಲ್ಲಿ ನಡೆದ ಪರೀಕ್ಷೆಯನ್ನು ಶೂನ್ಯಸಂಪಾದನೆಯು ವಿವರಿಸುವದು. ಅಲ್ಲಮಪ್ರಭುಗಳು ಅವಳ ಪತಿ ಯಾರೆಂದು ಕೇಳಿದರು. ದೇಹಭಾವವು ಅಳಿದಿದ್ದರೆ ಕೂದಲಿನ ಮರೆ ಏತಕ್ಕೆಂದೂ ಕೇಳಿದರು. ಆ ಮರೆಯು ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬುದು ಅವಳ ಉತ್ತರದ ಸಾರವು. ಕಿರಿಯ ಪ್ರಾಯದವಳಾದರೂ ಶರಣಸಮೂಹವು ಅವಳನ್ನು ಅಕ್ಕನೆಂದು ಮನ್ನಿಸಿತು.

ನಾಮಮಾತ್ರಕ್ಕೆ ತಾನು ಸ್ತ್ರೀಯಾದರೂ ಭಾವದಲ್ಲಿ ಪುರುಷನೆಂಬ ಅರ್ಥವನ್ನು ಅವಳು ತನ್ನ ವಚನದಲ್ಲಿ ಸಾರಿರುವಳು. ಹಾಗೆ ಸಾರಿದವಳೇ ಚೆನ್ನಮಲ್ಲಿಕಾರ್ಜುನನ ಮುಂದೆ ಸತಿಯಾಗಿ ನಿಂತಳು. ಇದರಲ್ಲಿ ವಿರೋಧವಿಲ್ಲ. ಉರಿಲಿಂಗದೇವ, ಗಜೇಶ ಮಸಣಯ್ಯರಂಥ ಪುರುಷರೂ ಲಿಂಗಪತಿಗೆ ತಾವು ಸತಿಯರೆಂದೇ ಭಾವಿಸಿದರು. ಅಕ್ಕನಿಗಿಂತ ಹಿಂದಿನವನಾದ ನೇಕಾರ ಜೇಡರ ದಾಸಿಮಯ್ಯನು ಒಡಲಿನ ಕುರುಹುಗಳನ್ನು ಕಂಡು ಜನರು ಹೆಣ್ಣು ಗಂಡೆನ್ನುವರೇ ಹೊರತು ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂದು ತಿಳಿಸಿದ್ದನು.

ಕಡೆಗೆ ಅಕ್ಕನು ಶ್ರೀಶೈಲಕ್ಕೆ ತೆರಳಿ, ಅಲ್ಲಿಯ ಕದಳಿಯಲ್ಲಿ ಐಕ್ಯಳಾದಳೆಂದು ಪ್ರತೀತಿಯುಂಟು.

ಅಕ್ಕನ ನುಡಿಯು ಅಧ್ಯಾತ್ಮದ್ದು. ಆದರೂ ಲೋಕವ್ಯವಹಾರಕ್ಕೆ ಅದರಿಂದ ಪಾಠವುಂಟು. ಹುಟ್ಟಿದ ಒಡಲಿಗೂ ಅರಿತ ಭಾವಕ್ಕೂ ಹೊಂದಿಕೆಯಾಗದೆ, ಮನೆಯಿಂದಲೂ ಊರಿನಿಂದಲೂ ಹೊರದೂಡಲ್ಪಟ್ಟ ಜೀವಗಳು ನಾಡಿನಲ್ಲಿರುವವು. ಅಂಥವರು ತಾವು ಗಂಡೋ ಹೆಣ್ಣೋ ತೃತೀಯಲಿಂಗಿಗಳೋ ಎಂಬುದನ್ನು ತಾವೇ ನಿಶ್ಚಯಿಸುವ ಹಕ್ಕುಳ್ಳವರೆಂದು 2014ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅಕ್ಕನನ್ನು ಪೂಜಿಸುವ ಭಕ್ತರು ಅಂಥವರು ಬಾಗಿಲಿಗೆ ಬಂದಾಗ ಒಡಲಿನ ಲೆಕ್ಕ ಕೇಳದೆ ದಾಸೋಹದ ಪಂಕ್ತಿಯಲ್ಲಿ ಕೂಡಿಸಿಕೊಳ್ಳುವದೇ ಅವಳಿಗೆ ಸಲ್ಲುವ ನಿಜವಾದ ಪೂಜೆಯು.