ಜಾನ್ ಲೆನನ್: ತನ್ನ ಕಂಠವನ್ನು ತಾನೇ ಮರೆಮಾಡಿದ ಗಾಯಕ

ಜಾನ್ ಲೆನನ್‌ನ ಎಂಬತ್ತನೆಯ ಜನ್ಮದಿನವಾದ 2020ರ ಅಕ್ಟೋಬರ್ 9ರಂದು ಆತನ ಏಕವ್ಯಕ್ತಿ ಗೀತೆಗಳ ಸಂಕಲನವೊಂದು ಬಿಡುಗಡೆಯಾಯಿತು. 'ಗಿಮ್ಮಿ ಸಮ್ ಟ್ರೂತ್' ಎಂಬ ಆ ಸಂಕಲನದಲ್ಲಿದ್ದದ್ದು 36 ಹಾಡುಗಳು. ಅಷ್ಟನ್ನೂ ಮೂಲ ಟೇಪುಗಳಿಂದ ಹೊಸದಾಗಿ ರೀಮಿಕ್ಸ್ ಮಾಡಲಾಗಿತ್ತು. ಗಾಯಕ ಕೊಲೆಯಾಗಿ ಆಗಲೇ ನಲವತ್ತು ವರ್ಷ ತುಂಬುತ್ತ ಬಂದಿತ್ತು. ಹಾಡುಗಳೆಲ್ಲ ಅಭಿಮಾನಿಗಳಿಗೆ ಬಾಯಿಪಾಠವಾಗಿದ್ದಂಥವು. ಆದರೂ ವಾದ ಹುಟ್ಟಿತು.

ರೀಮಿಕ್ಸ್ ಎಂದೊಡನೆ ನಮ್ಮಲ್ಲಿ ನೆನಪಾಗುವುದು ಹಳೆಯ ಹಿಂದಿ ಚಿತ್ರಗೀತೆಗೆ ಕುಣಿತದ ತಾಳ ಜೋಡಿಸಿದ ಗದ್ದಲ. ಇದು ಅದಲ್ಲ. ಸ್ಟುಡಿಯೋದಲ್ಲಿ ಡ್ರಮ್, ಗಿಟಾರ್, ಪಿಯಾನೋ, ಕಂಠ ಎಲ್ಲವೂ ಟೇಪಿನ ಬೇರೆ ಬೇರೆ ಟ್ರ್ಯಾಕುಗಳಲ್ಲಿ ದಾಖಲಾಗುತ್ತವೆ. ಯಾವುದು ಮುಂದೆ ಕೇಳಬೇಕು, ಯಾವುದು ಹಿಂದೆ ನಿಲ್ಲಬೇಕು, ಯಾವುದಕ್ಕೆ ಎಷ್ಟು ಪ್ರತಿಧ್ವನಿ ಬೇಕು ಎಂಬುದನ್ನು ನಿರ್ಧರಿಸಿ ಒಂದುಗೂಡಿಸುವುದು ಮಿಕ್ಸಿಂಗ್. ಅದೇ ಟೇಪುಗಳನ್ನು ಮತ್ತೆ ತೆರೆದು ಆ ಹದವನ್ನು ಬದಲಿಸುವುದು ಇಲ್ಲಿನ ರೀಮಿಕ್ಸ್. ಈ ಕೆಲಸ ಮಾಡಿದವರು ಎಂಜಿನಿಯರ್ ಪಾಲ್ ಹಿಕ್ಸ್. ಮೇಲ್ವಿಚಾರಣೆ ಲೆನನ್‌ನ ಪತ್ನಿ ಯೋಕೊ ಓನೊ ಮತ್ತು ಮಗ ಷಾನ್ ಅವರದು. ಮೂಲಕ್ಕೆ ನಿಷ್ಠರಾಗಿರಬೇಕು, ಧ್ವನಿ ತಿಳಿಯಾಗಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಲೆನನ್‌ನ ಕಂಠ ಮುನ್ನೆಲೆಗೆ ಬರಬೇಕು ಎಂಬುದು ಓನೊ ಅವರ ಅಪೇಕ್ಷೆಯಾಗಿತ್ತು. ಎಲ್ಲ ಚರ್ಚೆಗೂ ಈ ಮೂರನೆಯ ಅಂಶವೇ ಮೂಲ. ಏಕೆಂದರೆ ಬದುಕಿದ್ದಾಗ ಲೆನನ್ ಮಾಡಿದ್ದು ಇದಕ್ಕೆ ತದ್ವಿರುದ್ಧ.

1940ರಲ್ಲಿ ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲಿನಲ್ಲಿ ಹುಟ್ಟಿದ ಲೆನನ್, ಹಡಗಿನ ಕೆಲಸದ ತಂದೆಯನ್ನು ಕಂಡದ್ದೇ ಅಪರೂಪ. ಬೆಳೆದದ್ದು ದೊಡ್ಡಮ್ಮ ಮಿಮಿಯ ಮನೆಯಲ್ಲಿ. ಅದೇ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದ ತಾಯಿ ಜೂಲಿಯಾ ಮಗನಿಗೆ ಬ್ಯಾಂಜೋ ನುಡಿಸುವುದನ್ನು ಕಲಿಸಿದಳು. ಹದಿಹರೆಯದಲ್ಲಿ ತಾಯಿಯ ಒಡನಾಟ ಮತ್ತೆ ಬೆಳೆಯುತ್ತಿರುವಾಗಲೇ, 1958ರ ಜುಲೈನಲ್ಲಿ, ಮಿಮಿಯ ಮನೆಯಿಂದ ಹೊರಟ ಜೂಲಿಯಾ ಕಾರು ಬಡಿದು ತೀರಿಕೊಂಡಳು. ಲೆನನ್‌ಗೆ ಆಗ ಹದಿನೇಳು. ಹಿಂದಿನ ವರ್ಷವಷ್ಟೇ ಚರ್ಚಿನ ಜಾತ್ರೆಯೊಂದರಲ್ಲಿ ಪಾಲ್ ಮೆಕಾರ್ಟ್ನಿಯ ಪರಿಚಯವಾಗಿತ್ತು. ಅವನೂ ತಾಯಿಯನ್ನು ಕಳೆದುಕೊಂಡ ಹುಡುಗ.

ಆ ಪೀಳಿಗೆಯ ಹುಡುಗರು ಮೋಹಗೊಂಡದ್ದು ಎಲ್ವಿಸ್ ಪ್ರೀಸ್ಲಿ, ಜೀನ್ ವಿನ್ಸೆಂಟ್ ಮೊದಲಾದವರ ಅಮೆರಿಕನ್ ಮುದ್ರಿಕೆಗಳಿಗೆ. ಅವುಗಳಲ್ಲಿ ಕಂಠ ದೂರದ ಸುರಂಗದಿಂದ ಬಂದಂತೆ ಪ್ರತಿಧ್ವನಿಸುತ್ತಿತ್ತು. ಒಳ್ಳೆಯ ಹಾಡೆಂದರೆ ಹಾಗೆ ಕೇಳಬೇಕು ಎಂಬುದು ಲೆನನ್‌ನ ಕಿವಿಯಲ್ಲಿ ಕೂತುಬಿಟ್ಟಿತು. ಅದಕ್ಕೆ ಹೋಲಿಸಿದರೆ ತನ್ನ ದನಿ ಆತನಿಗೆ ತೆಳುವೆನಿಸುತ್ತಿತ್ತು.

ಬೀಟಲ್ಸ್ ತಂಡದ ಮೊದಲ ಆಲ್ಬಮ್ಮಿನ ಬಹುಪಾಲನ್ನು 1963ರ ಫೆಬ್ರುವರಿ 11ರಂದು ಒಂದೇ ದಿನದಲ್ಲಿ ಮುದ್ರಿಸಿಕೊಳ್ಳಲಾಯಿತು. ನೆಗಡಿಯಿಂದ ಬಳಲುತ್ತಿದ್ದ ಲೆನನ್ ರಾತ್ರಿ ಕಟ್ಟಕಡೆಗೆ 'ಟ್ವಿಸ್ಟ್ ಆ್ಯಂಡ್ ಷೌಟ್' ಹಾಡಿದ. ಮೊದಲ ಯತ್ನಕ್ಕೇ ಗಂಟಲು ಹರಿದುಹೋಯಿತು. ಆ ಯತ್ನವೇ ಮುದ್ರಿಕೆಯಲ್ಲಿ ಉಳಿಯಿತು. ರಾಕ್ ಸಂಗೀತದ ಮಹತ್ವದ ಗಾಯನಗಳಲ್ಲಿ ಅದೂ ಒಂದೆಂದು ಲೋಕ ಮೆಚ್ಚಿದರೂ, ಇನ್ನೂ ಚೆನ್ನಾಗಿ ಹಾಡಬಹುದಿತ್ತೆಂಬ ನಾಚಿಕೆ ಲೆನನ್‌ನನ್ನು ಬಹುಕಾಲ ಕಾಡಿತು.

ಅಲ್ಲಿಂದಾಚೆಗೆ ಆತ ಕಂಠಕ್ಕೆ ಮರೆ ಹುಡುಕತೊಡಗಿದ. ಮೊದಲು ಸಿಕ್ಕಿದ್ದು ಡಬಲ್ ಟ್ರ್ಯಾಕಿಂಗ್. ಒಮ್ಮೆ ಹಾಡಿದ್ದನ್ನೇ ಮತ್ತೊಮ್ಮೆ ಹಾಡಿ ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ದನಿ ದಪ್ಪಗಾಗುತ್ತದೆ. ಆದರೆ ಹಾಡಿದ್ದನ್ನೇ ಅದೇ ಉಸಿರು, ಅದೇ ಎಳೆತದಲ್ಲಿ ಮತ್ತೆ ಹಾಡುವುದು ಬೇಸರದ ಕೆಲಸ, ಲೆನನ್‌ಗೋ ತಾಳ್ಮೆ ಕಡಿಮೆ. ಇದಕ್ಕೆ ಪರಿಹಾರವಾಗಿ ಇಎಂಐ ಸ್ಟುಡಿಯೋದ ಎಂಜಿನಿಯರ್ ಕೆನ್ ಟೌನ್‌ಸೆಂಡ್ 1966ರಲ್ಲಿ ಒಂದು ಉಪಾಯ ಕಂಡುಹಿಡಿದರು. ಹಾಡನ್ನು ಮತ್ತೊಂದು ಟೇಪ್ ಯಂತ್ರದ ಮೂಲಕ ಹಾಯಿಸಿ, ಅದರ ವೇಗವನ್ನು ತುಸು ಏರಿಳಿಸಿ, ಕ್ಷಣದ ಅಂಶವೊಂದರಷ್ಟು ಅಂತರದಲ್ಲಿ ಮೂಲದೊಡನೆ ಬೆರೆಸಿದರೆ ಒಬ್ಬನೇ ಇಬ್ಬರಂತೆ ಕೇಳಿಸುತ್ತಾನೆ. ಗಾಯಕನೊಬ್ಬನ ಅಳುಕು ಮುದ್ರಣ ತಂತ್ರಜ್ಞಾನವನ್ನೇ ಮುಂದಕ್ಕೆ ನೂಕಿದ್ದು ಹೀಗೆ. ಅದೇ ವರ್ಷ 'ಟುಮಾರೊ ನೆವರ್ ನೋಸ್' ಹಾಡಿಗೆ, ತನ್ನ ದನಿ ಬೆಟ್ಟದ ತುದಿಯಿಂದ ಮಂತ್ರ ಪಠಿಸುವ ದಲೈಲಾಮರಂತೆ ಕೇಳಬೇಕೆಂದು ಆತ ಬಯಸಿದ. ಎಂಜಿನಿಯರುಗಳು ಹ್ಯಾಮಂಡ್ ಆರ್ಗನ್ನಿಗೆ ಬಳಸುವ ತಿರುಗುವ ಸ್ಪೀಕರಿನ ಮೂಲಕ ಆತನ ಕಂಠವನ್ನು ಹಾಯಿಸಿದರು.

1968ರ ರಿಷಿಕೇಶ ವಾಸ, 1969ರಲ್ಲಿ ಓನೊ ಅವರೊಡನೆ ವಿವಾಹ, ಹೋಟೆಲಿನ ಹಾಸಿಗೆಯಲ್ಲಿ ಕೂತು ನಡೆಸಿದ ಯುದ್ಧವಿರೋಧಿ ಪ್ರತಿಭಟನೆ, ತಂಡದ ಒಡಕು ಇವೆಲ್ಲ ಪರಿಚಿತ ಕಥೆಗಳು. ಒಂಟಿಯಾಗಿ ಹಾಡತೊಡಗಿದ ಮೇಲೂ ಹಳೆಯ ಅಳುಕು ಜೊತೆಗೇ ಬಂತು. 1970ರ ಜನವರಿ 27ರಂದು ಬರೆದು, ಅಂದೇ ಮುದ್ರಿಸಿದ 'ಇನ್‌ಸ್ಟಂಟ್ ಕರ್ಮ'ಕ್ಕೆ ಆತನ ಜೊತೆಗೂಡಿದ ನಿರ್ಮಾಪಕ ಫಿಲ್ ಸ್ಪೆಕ್ಟರ್. ವಾದ್ಯದ ಮೇಲೆ ವಾದ್ಯ ಪೇರಿಸಿ, ಪ್ರತಿಧ್ವನಿಯಲ್ಲಿ ಅದ್ದಿ, ಧ್ವನಿಯ ಗೋಡೆಯನ್ನೇ ಕಟ್ಟುವುದರಲ್ಲಿ ಆತ ನಿಸ್ಸೀಮ. ಆ ವರ್ಷದ ಕೊನೆಗೆ ಬಂದ ಆಲ್ಬಮ್ಮಿನ 'ಮದರ್' ಗೀತೆಯಲ್ಲಿ ವಾದ್ಯಗಳು ಬೆರಳೆಣಿಕೆಯಷ್ಟು. ಬಿಟ್ಟುಹೋದ ತಂದೆತಾಯಿಯನ್ನು ಲೆನನ್ ಅಲ್ಲಿ ಗಂಟಲು ಬಿರಿಯುವಂತೆ ಕೂಗಿ ಕರೆದ. ಎದೆಯನ್ನು ಇಷ್ಟು ತೆರೆದಿಟ್ಟವನು ಕಂಠಕ್ಕೆ ಮಾತ್ರ ಪ್ರತಿಧ್ವನಿಯ ತೆರೆಯನ್ನು ಉಳಿಸಿಕೊಂಡ. 2020ರ ಸಂಕಲನದಲ್ಲಿ ಈ ಹಾಡಿಗೆ ಜಾಗ ಸಿಗದಿದ್ದುದು ದೊಡ್ಡ ಕೊರತೆಯೇ ಸರಿ.

1971ರಲ್ಲಿ 'ಇಮ್ಯಾಜಿನ್' ಬಂತು. ಅದೇ ವರ್ಷ ಆತ ನ್ಯೂಯಾರ್ಕಿಗೆ ನೆಲೆ ಬದಲಿಸಿದ. ಹಳೆಯದೊಂದು ಗಾಂಜಾ ಪ್ರಕರಣವನ್ನು ಮುಂದಿಟ್ಟು ಅಮೆರಿಕ ಸರ್ಕಾರ ಗಡೀಪಾರಿಗೆ ಯತ್ನಿಸಿತು. ಕಾಯಂ ವಾಸದ ಪರವಾನಗಿ ಸಿಕ್ಕಿದ್ದು 1976ರಲ್ಲಿ. ಏಕವ್ಯಕ್ತಿ ಗೀತೆಗಳ ಸಂಕಲನವಾಗಿ ಆತನ ಜೀವಿತಾವಧಿಯಲ್ಲಿ ಹೊರಬಂದದ್ದು 1975ರ 'ಷೇವ್ಡ್ ಫಿಷ್' ಒಂದೇ. ಆ ವರ್ಷ ಷಾನ್ ಹುಟ್ಟಿದ ಮೇಲೆ ಲೆನನ್ ಸಂಗೀತದ ವ್ಯವಹಾರವನ್ನು ಬದಿಗಿಟ್ಟು ಮಗುವಿನ ಆರೈಕೆಗೆ ನಿಂತ. ಐದು ವರ್ಷಗಳ ಬಳಿಕ, 1980ರ ನವೆಂಬರಿನಲ್ಲಿ, 'ಡಬಲ್ ಫ್ಯಾಂಟಸಿ' ಬಿಡುಗಡೆಯಾಯಿತು. ಮೂರು ವಾರ ಕಳೆದಿತ್ತಷ್ಟೇ. ಡಿಸೆಂಬರ್ 8ರ ರಾತ್ರಿ ಸ್ಟುಡಿಯೋದಿಂದ ಓನೊ ಅವರೊಡನೆ ಹಿಂದಿರುಗುತ್ತಿದ್ದಾಗ ತನ್ನ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದ. ವಯಸ್ಸು ನಲವತ್ತು.

ಅಂದಿನಿಂದ ಆ ಟೇಪುಗಳ ಹೊಣೆ ಓನೊ ಅವರ ಪಾಲಿಗೆ ಬಂತು. 1982, 1997, 2005, 2010ರಲ್ಲಿ ಒಂದರ ಹಿಂದೊಂದು ಸಂಕಲನಗಳು ಬಂದವು. 2000ದಲ್ಲಿ 'ಇಮ್ಯಾಜಿನ್' ಆಲ್ಬಮ್ಮನ್ನು ರೀಮಿಕ್ಸ್ ಮಾಡಿಸಲಾಯಿತು; 2010ರಲ್ಲಿ ಮತ್ತೆ ಮೂಲ ಮಿಶ್ರಣಗಳನ್ನೇ ಶುಚಿಗೊಳಿಸಿ ಹೊರತರಲಾಯಿತು. ಅದೇ ವರ್ಷ 'ಡಬಲ್ ಫ್ಯಾಂಟಸಿ'ಯ ಅಲಂಕಾರಗಳನ್ನು ಕಳಚಿದ ಆವೃತ್ತಿಯೂ ಬಂತು. ಯಾವುದು ನಿಜವಾದ ಲೆನನ್ ಎಂಬ ಪ್ರಶ್ನೆ ಮನೆಯವರಿಗೂ ಸುಲಭವಾಗಿ ಬಗೆಹರಿದಿರಲಿಲ್ಲ ಎಂಬುದಕ್ಕೆ ಈ ಹಿಂದುಮುಂದಿನ ಹೆಜ್ಜೆಗಳೇ ಸಾಕ್ಷಿ.

2020ರ ಸಂಕಲನ ಕೇಳಿ ಹಿಗ್ಗಿದವರು, ಲೆನನ್ ಪಕ್ಕದಲ್ಲೇ ನಿಂತು ಹಾಡಿದಂತಿದೆಯೆಂದು ಕೊಂಡಾಡಿದರು. ಉಸಿರು, ತುಟಿಯ ಸದ್ದು, ದನಿ ಒಡೆಯುವ ಜಾಗ ಎಲ್ಲವೂ ಕೇಳಿಸಿತು. ಸ್ಪೆಕ್ಟರನ ಗೋಡೆಯ ನಡುವೆಯೇ ಬೆಳೆದ ಕಿವಿಗಳಿಗೆ ಅದು ಬೋಳು ಬೋಳೆನಿಸಿತು. ಮೂರನೆಯ ಬಗೆಯವರಿಗೆ ಎರಡೂ ಮುಖ್ಯವಲ್ಲ. ಇದ್ದ ಹಾಡುಗಳನ್ನೇ ಎಷ್ಟು ಬಾರಿ ಕೊಳ್ಳಬೇಕೆಂಬುದು ಅವರ ತಕರಾರು. ಅದೂ ನ್ಯಾಯವಾದದ್ದೇ.

ಆದರೆ ಮೊದಲ ಇಬ್ಬರ ಜಗಳದಲ್ಲಿ ಹುರುಳಿದೆ. ಪ್ರತಿಧ್ವನಿ ಲೆನನ್‌ಗೆ ಬರಿಯ ಅಂಜಿಕೆಯಲ್ಲ, ಅಭಿರುಚಿಯೂ ಹೌದು. ಎಲ್ವಿಸ್‌ನಿಂದ ಕಲಿತದ್ದನ್ನು ಆತ ಬೇಕೆಂದೇ ಆರಿಸಿಕೊಂಡಿದ್ದ. ಅದನ್ನು ಕಿತ್ತರೆ ಕಲಾವಿದನ ತೀರ್ಮಾನವನ್ನೇ ತಿದ್ದಿದಂತೆ. ಹಿಕ್ಸ್ ಅದನ್ನು ಪೂರ್ತಿ ಕೀಳಲಿಲ್ಲ, ತೆಳುಗೊಳಿಸಿದರು ಎಂಬುದು ಸಮಾಧಾನ. ಇತ್ತ, ಸ್ವಂತ ದನಿಯ ವಿಷಯದಲ್ಲಿ ಲೆನನ್ ಒಳ್ಳೆಯ ವಿಮರ್ಶಕನಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಮೂಲ ಮಿಶ್ರಣಗಳು ಅಂಗಡಿಯಿಂದ ಮರೆಯಾಗದಿರುವ ತನಕ ಕೇಳುಗನಿಗೆ ನಷ್ಟವಿಲ್ಲ.

ಮೂರು ವರ್ಷಗಳ ಬಳಿಕ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದ್ದಿತು. 1970ರ ದಶಕದ ಕೊನೆಯಲ್ಲಿ ಲೆನನ್ ಮನೆಯ ಪಿಯಾನೋ ಮುಂದೆ ಕೂತು ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ 'ನೌ ಆ್ಯಂಡ್ ದೆನ್' ಗೀತೆಯನ್ನು 1995ರಲ್ಲಿ ಉಳಿದ ಮೂವರು ಬೀಟಲ್ಸ್ ಪೂರ್ಣಗೊಳಿಸಲು ಯತ್ನಿಸಿ ಕೈಬಿಟ್ಟಿದ್ದರು. ಪಿಯಾನೋ ಸದ್ದಿನಲ್ಲಿ ಕಂಠ ಹೂತುಹೋಗಿತ್ತು. ಯಂತ್ರಕಲಿಕೆಯ ನೆರವಿನಿಂದ ಎರಡನ್ನೂ ಬೇರ್ಪಡಿಸಲು ಸಾಧ್ಯವಾದ ಮೇಲೆ ಮೆಕಾರ್ಟ್ನಿ ಮತ್ತು ರಿಂಗೊ ಸ್ಟಾರ್ ಅದನ್ನು ಮುಗಿಸಿದರು. 2023ರ ನವೆಂಬರಿನಲ್ಲಿ ಬಿಡುಗಡೆಯಾದ ಆ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.