ಇತಿಹಾಸಕಾರ ವಾಲ್ಟರ್ ರಾಡ್ನಿ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ಇಸವಿ, ಪರೀಕ್ಷೆಯ ಹಿಂದಿನ ರಾತ್ರಿಯ ಬಾಯಿಪಾಠ ಎಂಬ ಭಾವನೆ ನಮ್ಮ ವಿದ್ಯಾರ್ಥಿವೃಂದದಲ್ಲಿ ಬಲವಾಗಿ ಬೇರೂರಿದೆ. ಅದನ್ನು ಓದಿ ಏನು ಪ್ರಯೋಜನವೆಂದು ಮನೆಯವರೂ ಕೇಳುತ್ತಾರೆ, ನೆರೆಯವರೂ ಕೇಳುತ್ತಾರೆ. ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ವಿದ್ವಾಂಸರೊಬ್ಬರಿದ್ದರು. ಅವರೇ ವಾಲ್ಟರ್ ರಾಡ್ನಿ. ಮೂವತ್ತೆಂಟೇ ವರ್ಷ ಬದುಕಿದ ಅವರು, ಆಫ್ರಿಕಾ ಖಂಡದ ವಿಷಯದಲ್ಲಿ ಲೋಕವು ನಂಬಿಕೊಂಡಿದ್ದ ಹಲವು ಮಾತುಗಳನ್ನು ಬುಡಸಹಿತ ಅಲುಗಾಡಿಸಿದರು.

ದಕ್ಷಿಣ ಅಮೆರಿಕದ ಉತ್ತರ ಕರಾವಳಿಯಲ್ಲಿ ಗಯಾನಾ ಎಂಬ ಚಿಕ್ಕ ದೇಶವಿದೆ. ರಾಡ್ನಿಯವರು ಹುಟ್ಟಿದಾಗ ಅದು ಬ್ರಿಟಿಷರ ವಸಾಹತಾಗಿತ್ತು. ಅದರ ರಾಜಧಾನಿಯಾದ ಜಾರ್ಜ್‌ಟೌನ್ ನಗರದಲ್ಲಿ, ೧೯೪೨ನೆಯ ಇಸವಿ ಮಾರ್ಚ್ ೨೩ರಂದು, ಆಫ್ರಿಕಾ ಮೂಲದ ಕುಟುಂಬವೊಂದರಲ್ಲಿ ಅವರ ಜನನವಾಯಿತು. ತಂದೆ ದರ್ಜಿ, ತಾಯಿಯೂ ಹೊಲಿಗೆಯಿಂದಲೇ ಸಂಸಾರಕ್ಕೆ ನೆರವಾಗುತ್ತಿದ್ದರು. ಬುದ್ಧಿವಂತನಾದ ಬಾಲಕನಿಗೆ ವಿದ್ಯಾರ್ಥಿವೇತನಗಳು ದಾರಿ ತೆರೆದವು. ೧೯೬೦ರಲ್ಲಿ ಜಮೈಕಾ ದ್ವೀಪದ ವಿಶ್ವವಿದ್ಯಾಲಯವನ್ನು ಸೇರಿ, ೧೯೬೩ರಲ್ಲಿ ಇತಿಹಾಸದಲ್ಲಿ ಪ್ರಥಮ ದರ್ಜೆಯ ಪದವಿಯನ್ನು ಪಡೆದರು. ಅಲ್ಲಿಂದ ಲಂಡನ್ನಿಗೆ ತೆರಳಿ, ೧೯೬೬ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಡಾಕ್ಟರೇಟ್ ಸಂಪಾದಿಸಿದರು.

ಅವರ ಸಂಶೋಧನೆಯ ವಿಷಯ ಪಶ್ಚಿಮ ಆಫ್ರಿಕದ ಗಿನಿ ಕರಾವಳಿಯ ಮೇಲ್ಭಾಗದ ಚರಿತ್ರೆ. ಯೂರೋಪಿನವರು ಕಾಲಿಡುವ ಮೊದಲೇ ಆಫ್ರಿಕದಲ್ಲಿ ಗುಲಾಮಗಿರಿ ಇತ್ತು, ಹಡಗಿನಲ್ಲಿ ಬಂದವರು ಇದ್ದ ಪದ್ಧತಿಯನ್ನು ಬಳಸಿಕೊಂಡರಷ್ಟೆ ಎಂಬ ವಾದವು ಆಗ ಪಂಡಿತರಲ್ಲಿಯೂ ಪ್ರಚಲಿತವಾಗಿತ್ತು. ರಾಡ್ನಿಯವರು ಪೋರ್ಚುಗಲ್, ಸ್ಪೇನ್, ಇಟಲಿ ದೇಶಗಳ ದಫ್ತರಗಳಲ್ಲಿ ಕುಳಿತು ಹಳೆಯ ಕಾಗದಪತ್ರಗಳನ್ನು ಪರಿಶೀಲಿಸಿದರು. ಆ ಕರಾವಳಿಗೆ ಮೊದಲು ಹೋದ ಪೋರ್ಚುಗೀಸರ ಬರಹಗಳಲ್ಲಿ ಗುಲಾಮರ ವರ್ಗವೊಂದರ ಸುಳಿವೇ ಇರಲಿಲ್ಲವೆಂದರೂ ಸಲ್ಲುತ್ತದೆ. ಹದಿನೆಂಟನೆಯ ಶತಮಾನದ ಕೊನೆಯ ಬರಹಗಳಲ್ಲಾದರೋ ಅಂಥವರು ಎಲ್ಲೆಲ್ಲೂ ಕಾಣುತ್ತಾರೆ. ಹಾಗಾದರೆ ಈ ಗುಲಾಮಗಿರಿಯು ಸಮುದ್ರವ್ಯಾಪಾರಕ್ಕೆ ಕಾರಣವಲ್ಲ, ಅದರ ಫಲವೆಂದು ಅವರು ವಾದಿಸಿದರು. ತಮ್ಮ ಪ್ರಜೆಗಳನ್ನೇ ಮಾರಿ ಲಾಭ ಪಡೆದ ಅಲ್ಲಿಯ ನಾಯಕರ ಪಾಲಿನ ದೋಷವನ್ನೂ ಅವರು ಮುಚ್ಚಿಡಲಿಲ್ಲ. ಈ ಗ್ರಂಥವನ್ನು ೧೯೭೦ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯವು ಪ್ರಕಟಿಸಿತು.

ಡಾಕ್ಟರೇಟ್ ಪಡೆದ ವರ್ಷವೇ ರಾಡ್ನಿಯವರು ಟಾಂಜಾನಿಯಾದ ದಾರ್ ಎಸ್ ಸಲಾಮಿನಲ್ಲಿ ಅಧ್ಯಾಪಕರಾದರು. ೧೯೬೮ರಲ್ಲಿ ತಾವು ಓದಿದ ಜಮೈಕಾಕ್ಕೆ ಮರಳಿದರು. ಅಲ್ಲಿ ತರಗತಿಯ ಪಾಠ ಮುಗಿದ ಮೇಲೆ ಕಿಂಗ್‌ಸ್ಟನ್ ನಗರದ ಬಡವರ ಕೇರಿಗಳಿಗೆ ಹೋಗಿ, ನೆಲದ ಮೇಲೆ ಕುಳಿತು, ಆಫ್ರಿಕದ ಹಳೆಯ ರಾಜ್ಯಗಳ ಕಥೆಯನ್ನು ಹೇಳುತ್ತಿದ್ದರು. ಅವರ ಮಾತನ್ನು ತಾವೂ ಕೇಳುತ್ತಿದ್ದರು. ಸರ್ಕಾರಕ್ಕೆ ಇದು ಅಪಾಯವಾಗಿ ಕಂಡಿತು. ಆ ವರ್ಷದ ಅಕ್ಟೋಬರಿನಲ್ಲಿ ಕೆನಡಾ ದೇಶದ ಸಮ್ಮೇಳನವೊಂದರಿಂದ ಹಿಂದಿರುಗಿದ ಅವರನ್ನು ವಿಮಾನದಿಂದ ಇಳಿಯಗೊಡಲಿಲ್ಲ. ಮಾರನೆಯ ದಿನ ವಿದ್ಯಾರ್ಥಿಗಳು ಪ್ರತಿಭಟನೆಯ ಮೆರವಣಿಗೆ ಹೊರಟರು. ನಗರದಲ್ಲಿ ದೊಡ್ಡ ಗಲಭೆಯೇ ಆಯಿತು.

ಪುನಃ ದಾರ್ ಎಸ್ ಸಲಾಮ್ ಸೇರಿದ ರಾಡ್ನಿಯವರು ಅಲ್ಲಿ ೧೯೭೨ರಲ್ಲಿ ತಮ್ಮ ಪ್ರಸಿದ್ಧ ಗ್ರಂಥವನ್ನು ಹೊರತಂದರು. ಯೂರೋಪು ಆಫ್ರಿಕವನ್ನು ಹೇಗೆ ಹಿಂದುಳಿಸಿತೆಂಬುದೇ ಅದರ ಹೆಸರು, ಅದೇ ಅದರ ವಿಷಯ. ಬಡತನವು ಆ ಖಂಡದ ಹಣೆಬರಹವಲ್ಲ, ಅದಕ್ಕೂ ಒಂದು ಚರಿತ್ರೆಯಿದೆ ಎಂಬುದು ಅದರ ಸಾರ. ವಸಾಹತುಗಾರರು ರೈಲುಮಾರ್ಗಗಳನ್ನು ಹಾಕಿದರೆಂಬುದು ನಿಜ. ಆದರೆ ಆ ಹಳಿಗಳು ಗಣಿಯಿಂದ, ತೋಟದಿಂದ ಬಂದರಿಗೆ ಓಡಿದವೇ ಹೊರತು ಊರಿಗೂ ಊರಿಗೂ ಸಂಬಂಧ ಕಲ್ಪಿಸಲಿಲ್ಲವೆಂದು ಅವರು ತೋರಿಸಿದರು. ಎಲ್ಲ ಹೊಣೆಯನ್ನೂ ಹೊರಗಿನವರ ಮೇಲೆ ಹೊರಿಸುತ್ತದೆಂದು ಕೆಲವು ವಿದ್ವಾಂಸರು ಈ ಗ್ರಂಥವನ್ನು ಟೀಕಿಸಿದ್ದುಂಟು. ಆದರೆ ಆ ಪ್ರಶ್ನೆಯನ್ನು ಬದಿಗಿಟ್ಟು ಆಫ್ರಿಕದ ಚರಿತ್ರೆಯನ್ನು ಬರೆಯುವುದು ಆಮೇಲೆ ಯಾರಿಗೂ ಸುಲಭವಾಗಲಿಲ್ಲ.

೧೯೭೪ರಲ್ಲಿ ಗಯಾನಾ ವಿಶ್ವವಿದ್ಯಾಲಯವು ಅವರನ್ನು ಇತಿಹಾಸದ ಪ್ರಾಧ್ಯಾಪಕರನ್ನಾಗಿ ಆರಿಸಿತು. ಹೆಂಡತಿ, ಮೂವರು ಮಕ್ಕಳೊಡನೆ ತಾಯ್ನಾಡಿಗೆ ಬಂದರೆ, ಬರ್ನ್‌ಹ್ಯಾಮ್ ಸರ್ಕಾರದ ಒತ್ತಾಯದಿಂದ ಆ ನೇಮಕವು ರದ್ದಾಗಿತ್ತು. ಹೊರದೇಶಗಳಲ್ಲಿ ಅವರಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ. ಆದರೂ ಅವರು ನಿಂತದ್ದು ಅಲ್ಲಿಯೇ. ೧೮೩೮ರಿಂದ ೧೯೧೭ರವರೆಗೆ ಭಾರತದಿಂದ ಎರಡು ಲಕ್ಷಕ್ಕೂ ಹೆಚ್ಚು ಕೂಲಿಗಳನ್ನು ಕರಾರಿನ ಮೇಲೆ ಗಯಾನಾದ ಕಬ್ಬಿನ ತೋಟಗಳಿಗೆ ಸಾಗಿಸಲಾಗಿತ್ತು. ಅವರ ಸಂತತಿಯವರೂ ಆಫ್ರಿಕಾ ಮೂಲದವರೂ ಬೇರೆ ಬೇರೆ ಪಕ್ಷಗಳಲ್ಲಿ ಹಂಚಿಹೋಗಿ ಒಬ್ಬರನ್ನೊಬ್ಬರು ಶಂಕಿಸುತ್ತಿದ್ದರು. ರಾಡ್ನಿಯವರು ಇಬ್ಬರನ್ನೂ ಒಂದೇ ವೇದಿಕೆಗೆ ತರಲು ಶ್ರಮಿಸಿದರು. ಇಬ್ಬರ ಬೆವರಿನ ಕಥೆಯನ್ನೂ ಒಂದೇ ಗ್ರಂಥದಲ್ಲಿ ಬರೆದರು. ಲಕ್ಷ್ಮಿ ಎಂಬ ಹೆಸರಿನ ಭಾರತೀಯ ಹುಡುಗಿಯನ್ನು ಕುರಿತು ಮಕ್ಕಳಿಗಾಗಿಯೂ ಒಂದು ಪುಸ್ತಕ ರಚಿಸಿದರು. ತಮ್ಮದೇ ಜನಾಂಗದ ಮುಖಂಡನ ಆಡಳಿತವನ್ನು ಅವರು ಎದುರಿಸಿದರೆಂಬುದನ್ನು ಇಲ್ಲಿ ಮರೆಯಬಾರದು.

೧೯೭೯ರಲ್ಲಿ ಸರ್ಕಾರಿ ಕಚೇರಿಗೆ ಬೆಂಕಿಯಿಟ್ಟರೆಂಬ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ೧೯೮೦ನೆಯ ಜೂನ್ ೧೩ರ ರಾತ್ರಿ, ತಮ್ಮನೊಡನೆ ಕಾರಿನಲ್ಲಿ ಕುಳಿತಿದ್ದಾಗ, ವೈರ್‌ಲೆಸ್ ಉಪಕರಣವೆಂದು ನಂಬಿಸಿ ಕೊಟ್ಟಿದ್ದ ವಸ್ತುವಿನೊಳಗಿನ ಬಾಂಬು ಸಿಡಿದು ರಾಡ್ನಿಯವರು ಮಡಿದರು. ಗಯಾನಾದ ಶ್ರಮಜೀವಿಗಳನ್ನು ಕುರಿತ ಅವರ ಗ್ರಂಥ ಮರುವರ್ಷ ಅಚ್ಚಾಗಿ, ೧೯೮೨ರಲ್ಲಿ ಅಮೆರಿಕದ ಇತಿಹಾಸಕಾರರ ಸಂಘದ ಬಹುಮಾನವನ್ನು ಪಡೆಯಿತು. ಆದರೆ ಸ್ವದೇಶದ ಮರಣಪತ್ರದಲ್ಲಿ ಅವರ ಸಾವು ಆಕಸ್ಮಿಕವೆಂದೂ, ಅವರು ನಿರುದ್ಯೋಗಿಯೆಂದೂ ದಾಖಲಾಗಿತ್ತು. ವಿಚಾರಣಾ ಆಯೋಗವೊಂದು ೨೦೧೬ರಲ್ಲಿ, ಈ ಕೃತ್ಯದ ಹಿಂದೆ ಅಂದಿನ ಸರ್ಕಾರದ ಕೈವಾಡವಿತ್ತೆಂದು ವರದಿ ಮಾಡಿತು. ೨೦೨೧ರಲ್ಲಿ ಗಯಾನಾ ಸರ್ಕಾರವು ಆ ಪತ್ರವನ್ನು ತಿದ್ದಿ, ಸಾವನ್ನು ಹತ್ಯೆಯೆಂದೂ ವೃತ್ತಿಯನ್ನು ಪ್ರಾಧ್ಯಾಪಕರೆಂದೂ ಬರೆಯಲು ನಿರ್ಧರಿಸಿತು.

ಅಧಿಕಾರದಲ್ಲಿದ್ದವರು ಬರೆದಿಟ್ಟದ್ದೆಲ್ಲ ಸತ್ಯವಲ್ಲ. ಅದನ್ನು ತಾಳ್ಮೆಯಿಂದ ಪರೀಕ್ಷಿಸಿ ತಿದ್ದುವವರು ಬೇಕು. ರಾಡ್ನಿಯವರು ಒಂದು ಖಂಡಕ್ಕೆ ಮಾಡಿದ ಈ ಉಪಕಾರವನ್ನು ಅವರ ದೇಶವು ಅವರಿಗೆ ಮಾಡಲು ನಾಲ್ವತ್ತೊಂದು ವರ್ಷ ಹಿಡಿಯಿತು. ಇತಿಹಾಸವನ್ನು ಓದಿ ಏನು ಪ್ರಯೋಜನವೆಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.